ಅಕ್ಕನ ಎದೆಯ ಸದ್ದು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ದೂರಬಾರದು. ಬೆಳ್ತಂಗಡಿಯ ಒಂದು ಸರಕಾರಿ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದೆ ಕೂರಲು ಶುರುಮಾಡಿ ಹದಿನೆಂಟು ವರ್ಷವಾಯಿತು. ಒಂದು ಕಾಲಂ ಖಾಲಿ ಬಿಟ್ಟಿದ್ದರೂ ಅರ್ಜಿಯನ್ನು ಹಿಂದಕ್ಕೆ ಕೊಡುತ್ತೇನೆ. ಮುಂಡಾಜೆಯಿಂದ ಬಸ್ಸು ಹಿಡಿದು ಬೆವರಿಳಿಸಿಕೊಂಡು ಬಂದ ಮುದುಕರನ್ನೂ "ಸರಿಯಾಗಿ ತುಂಬಿಸಿ ತನ್ನಿ" ಎಂದು ವಾಪಸು ಕಳಿಸಿದವಳು ನಾನು. ಅಂಥ ನಾನು ನನ್ನ ಸ್ವಂತ ಅಕ್ಕನ ವಿಷಯದಲ್ಲಿ, ಮೂಡುಬಿದಿರೆಯ ಹಲ್ಲಿನ ಡಾಕ್ಟರರ ಫಾರಂನಲ್ಲಿ, ಸುಳ್ಳು ತುಂಬಿಸಿದೆ. ಅದೂ ಚಂದದ ಅಕ್ಷರದಲ್ಲಿ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ನಮ್ಮ ತವರುಮನೆ ಬಂಟ್ವಾಳ ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಅಪ್ಪ ಬೇಗ ತೀರಿಕೊಂಡರು. ಅಮ್ಮ ಬೀಡಿ ಕಟ್ಟಿ ನಮ್ಮಿಬ್ಬರನ್ನು ಸಾಕಿದಳು. ಅಕ್ಕನಿಗೆ ಹನ್ನೊಂದು ವರ್ಷವಿದ್ದಾಗ ಗಂಟಲು ನೋವು ಬಂತು, ಜ್ವರ ಬಂತು, ಎರಡೂ ಹೋದವು. ಎರಡು ಮೂರು ವಾರ ಕಳೆದ ಮೇಲೆ ಅವಳ ಮೊಣಕಾಲು ಊದಿತು. ಅದು ಇಳಿಯಿತು ಅನ್ನುವಾಗ ಮೊಣಕೈ ಊದಿತು. ಶಾಲೆಗೆ ನಡೆಯಲಿಕ್ಕಾಗದೆ ದಾರಿಯಲ್ಲಿ ಕೂತು ಅಳುತ್ತಿದ್ದಳು. ಅಮ್ಮ ಅವಳನ್ನು ಎತ್ತಿಕೊಂಡೇ ಸರಕಾರಿ ಆಸ್ಪತ್ರೆಗೆ ಹೋದಳು, ನಾನು ಹಿಂದೆ ಓಡಿದೆ.

ಕೀಲುವಾತದ ಜ್ವರ, ಹೃದಯಕ್ಕೂ ತಾಗಿದೆ ಎಂದರು ಅಲ್ಲಿನ ಡಾಕ್ಟರು. ಹೃದಯದೊಳಗೆ ರಕ್ತ ಮುಂದೆ ಹೋಗುವಾಗ ತೆರೆದುಕೊಂಡು ಹಿಂದೆ ಬರದ ಹಾಗೆ ಮುಚ್ಚಿಕೊಳ್ಳುವ ಕವಾಟಗಳು ಇವೆಯಂತೆ. ಅಕ್ಕನ ಒಂದು ಕವಾಟ ಸರಿಯಾಗಿ ಮುಚ್ಚುತ್ತಿರಲಿಲ್ಲ. ನಾನು ಕಣ್ಣು ಬಿಟ್ಟು ನೋಡುತ್ತಿದ್ದೆನೋ ಏನೋ, ಡಾಕ್ಟರು ನಕ್ಕು ಸ್ಟೆತಸ್ಕೋಪನ್ನು ನನ್ನ ಕಿವಿಗೂ ಇಟ್ಟರು. ಎದೆ ಬಡಿಯುವ ಸದ್ದಿನ ನಡುವೆ ಪ್ರತಿ ಸಲವೂ ಉಸ್ ಎಂದು ಗಾಳಿ ಹೋದ ಹಾಗೆ ಕೇಳಿಸಿತು. ಇಪ್ಪತ್ತೊಂದು ದಿನಕ್ಕೊಂದು ಇಂಜೆಕ್ಷನ್, ತಪ್ಪಿಸಬಾರದು ಎಂದು ಚೀಟಿ ಬರೆದರು. ಆ ಇಂಜೆಕ್ಷನ್ನಿನ ದಿನ ಅಕ್ಕ ಕುಂಟಿಕೊಂಡು ಬರುತ್ತಿದ್ದಳು. ಅವಳನ್ನು ನಗಿಸಲಿಕ್ಕೆ ನಾನೂ ಕುಂಟುತ್ತಿದ್ದೆ.

ಹನ್ನೆರಡು ವರ್ಷ ತಪ್ಪದೆ ನಡೆದ ಆ ಇಂಜೆಕ್ಷನ್ ಒಂದೇ ದಿನದಲ್ಲಿ ನಿಂತಿತು. ನಾರಾವಿಯ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗ ರಬ್ಬರ್ ಮರ ಕೆತ್ತಿ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸದವರು, ಕುಡಿತ ಇಲ್ಲ, ಬಾಯಿ ಕಡಿಮೆ. ಅಮ್ಮನಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಅವತ್ತೇ ಆಸ್ಪತ್ರೆಯ ಚೀಟಿಗಳನ್ನೆಲ್ಲ ಒಟ್ಟುಮಾಡಿ ಬಚ್ಚಲಿನ ಹಂಡೆಯ ಒಲೆಗೆ ಹಾಕಿದಳು. "ಎದೆಯಲ್ಲಿ ಸದ್ದುಂಟು ಅಂತ ಗೊತ್ತಾದ್ರೆ ಯಾವನು ಕಟ್ಟಿಕೊಳ್ತಾನೆ? ಇನ್ನು ಇದರ ಸುದ್ದಿ ಎತ್ತಿದ್ರೆ ನೋಡು ಮತ್ತೆ. ನೀನೂ ಅಷ್ಟೆ," ಎಂದು ನನ್ನ ಕಡೆ ಬೆರಳು ತೋರಿಸಿದಳು. ನಮ್ಮ ಕಡೆ ಇದೇನು ದೊಡ್ಡ ಮೋಸವೆಂದು ಯಾರಿಗೂ ಅನ್ನಿಸುವುದಿಲ್ಲ. ಹೆಣ್ಣುಮಕ್ಕಳ ಕಾಯಿಲೆಯನ್ನು ಮದುವೆಗೆ ಮೊದಲು ಮುಚ್ಚಿಡುವುದು ಮನೆಗೆ ಸುಣ್ಣ ಬಳಿಯುವಷ್ಟೇ ಸಹಜ. ಮದುವೆಯಾಯಿತು. ಹೆರಿಗೆ ತವರಿನಲ್ಲೇ ಆದ್ದರಿಂದ ಅಮ್ಮ ಡಾಕ್ಟರರ ಕಿವಿಯಲ್ಲಿ ಪಿಸುಗುಟ್ಟಿ ಅದನ್ನೂ ಸುಧಾರಿಸಿದಳು. ಒಂದು ಹೆಣ್ಣುಮಗು. ಇನ್ನೊಂದು ಬೇಡ ಎಂದು ಅಕ್ಕನೇ ಗಂಡನಿಗೆ ಏನೋ ನೆಪ ಹೇಳಿದಳು.

ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಅವಳು ಹಾಕಿದ ಕಟ್ಟು ಮಾತ್ರ ಸಡಿಲವಾಗಲಿಲ್ಲ. ಅದಕ್ಕೆ ಕಾರಣವೂ ಹೊಸತು ಸಿಕ್ಕಿತ್ತು. ಅಕ್ಕನ ಮಗಳಿಗೆ ಇಪ್ಪತ್ತು ತುಂಬಿ ಅವಳಿಗೆ ಗಂಡು ನೋಡುವ ಮಾತು ಶುರುವಾಗಿತ್ತು. ತಾಯಿಗೆ ಹಾರ್ಟಿನ ತೊಂದರೆ ಎಂದರೆ ಮಗಳಿಗೂ ಇದ್ದೀತು ಎನ್ನುವ ಜನ ನಮ್ಮದು.

ಹೀಗಿರುವಾಗ ಕಳೆದ ವರ್ಷ ಅಕ್ಕನ ದವಡೆ ಹಲ್ಲು ಹುಳ ತಿಂದು ನೋಯಲಿಕ್ಕೆ ಶುರುವಾಯಿತು. ನಾರಾವಿಯಿಂದ ಮೂಡುಬಿದಿರೆಗೆ ಬಾವ ಕರೆದುಕೊಂಡು ಬಂದರು. ನನಗೆ ಅವತ್ತು ರಜೆ, ಗುರುವಾಯನಕೆರೆಯಲ್ಲಿ ನನ್ನ ಬಾಡಿಗೆ ಮನೆ, ಅಲ್ಲಿಂದ ನಾನೂ ಬಸ್ಸು ಹತ್ತಿ ಹೋದೆ. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಒಂದು ಫಾರಂ ಕೊಟ್ಟರು. ಬರೆಯುವ ಕೆಲಸ ಎಲ್ಲಿದ್ದರೂ ನನ್ನದೇ ತಾನೆ. ಹೆಸರು, ವಯಸ್ಸು, ಊರು. ಬಿಪಿ ಉಂಟೇ? ಇಲ್ಲ. ಸಕ್ಕರೆ ಕಾಯಿಲೆ? ಇಲ್ಲ. ಹೃದಯದ ತೊಂದರೆ?

ನನ್ನ ಪೆನ್ನು ನಿಂತಿತು. ಬಲಗಡೆ ಅಕ್ಕ ಕೆನ್ನೆ ಹಿಡಿದುಕೊಂಡು ಕೂತಿದ್ದಳು. ಎಡಗಡೆ ಬಾವ, ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಅಕ್ಕ ಕಣ್ಣಿನಲ್ಲೇ ಬೇಡ ಎಂದಳು. ನಾನು "ಇಲ್ಲ" ಎಂದು ಬರೆದು, ಕೆಳಗೆ ಅವಳಿಂದ ರುಜು ಹಾಕಿಸಿದೆ. ಹೇಳಿದ್ದರೆ ಆ ಡಾಕ್ಟರು ಹಲ್ಲು ಕೀಳುವ ಮೊದಲು ಒಂದು ಮದ್ದು ಕೊಡುತ್ತಿದ್ದರು, ಇಲ್ಲವೇ ಹೃದಯದ ಡಾಕ್ಟರರನ್ನು ಕೇಳಿಕೊಂಡು ಬನ್ನಿ ಎನ್ನುತ್ತಿದ್ದರು. ಹಾಳಾದ ಕವಾಟ ಇದ್ದವರಿಗೆ ಬಾಯಿಯ ಕ್ರಿಮಿ ರಕ್ತಕ್ಕೆ ಸೇರಿ ಆ ಕವಾಟದ ಮೇಲೆಯೇ ಹೋಗಿ ಕೂರುವುದುಂಟಂತೆ. ಇದೆಲ್ಲ ಆಮೇಲೆ ಕಲಿತದ್ದು. ಆಗ ಹಲ್ಲು ಹೋಯಿತು, ನೋವು ಹೋಯಿತು, ಮೂವರೂ ಐಸ್‌ಕ್ರೀಂ ತಿಂದು ಬಸ್ಸು ಹತ್ತಿದೆವು.

ಮೂರು ವಾರ ಕಳೆದಿರಬೇಕು, ಅಕ್ಕನಿಗೆ ಜ್ವರ ಹಿಡಿಯಿತು. ಮಲಗಿಸಿಬಿಡುವಂಥ ಜ್ವರವಲ್ಲ. ಸಂಜೆಯಾದರೆ ಮೈ ಬಿಸಿ, ಬೆಳಗಾಗುವಾಗ ರವಿಕೆ ಒದ್ದೆ. "ಸಣ್ಣ ಜ್ವರ ಮಾರಾಯ್ತಿ, ಎಂತ ಇಲ್ಲ," ಎನ್ನುತ್ತಿದ್ದಳು ಫೋನಿನಲ್ಲಿ. ಹತ್ತು ದಿನವಾದರೂ ಬಿಡದಿದ್ದಾಗ ಬೆಳ್ತಂಗಡಿಯ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಮಲೇರಿಯಾ ನೋಡಿದರು, ಡೆಂಗಿ ನೋಡಿದರು, ಟೈಫಾಯ್ಡ್ ನೋಡಿದರು, ಇಲಿಜ್ವರವನ್ನೂ ಬಿಡಲಿಲ್ಲ. ಒಂದೂ ಇಲ್ಲ. ಐದು ದಿನದ ಮಾತ್ರೆ ಕೊಟ್ಟರು. ಜ್ವರ ಬಿಟ್ಟಿತು. ಮಾತ್ರೆ ಮುಗಿದು ವಾರದೊಳಗೆ ಮತ್ತೆ ಬಂತು. ಮತ್ತೆ ಹೋದೆವು, ಮತ್ತೆ ಐದು ದಿನ. ಹೀಗೆ ಮೂರು ಸಲ. ಪ್ರತಿ ಸಲವೂ ಅರ್ಧ ದಿನ ರಜೆ, ಆ ಬೆಂಚಿನಲ್ಲಿ ಟೋಕನ್ ಹಿಡಿದುಕೊಂಡು ಕೂರುವುದು, ನನ್ನ ಮಂಡೆ ಬಿಸಿ ಏರುತ್ತಲೇ ಹೋಯಿತು.

ಡಾಕ್ಟರು ಅವಸರದವರು, ಹೊರಗೆ ಜಾತ್ರೆಯಷ್ಟು ಜನ. ಬೆನ್ನಿಗೆ ಎರಡು ಕಡೆ ಸ್ಟೆತಸ್ಕೋಪು ತಾಗಿಸಿ "ಉಸಿರು ಎಳೀರಿ" ಎಂದದ್ದು ಬಿಟ್ಟರೆ ಎದೆಯನ್ನು ನೋಡಲಿಲ್ಲ. ಅದಕ್ಕಾಗಿ ಅವರನ್ನು ಬೈಯಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಬೈಯಲು ನನಗೆ ಬಾಯಿ ಎಲ್ಲಿದೆ? ಮೊದಲ ದಿನವೇ ಅವರು ಕೇಳಿದ್ದರು.

"ಇವರಿಗೆ ಮೊದಲು ಎಂತಾದ್ರೂ ದೊಡ್ಡ ಕಾಯಿಲೆ ಇತ್ತಾ? ಸಣ್ಣದಿರುವಾಗ?"

ಬಾವ ಬಾಗಿಲ ಹತ್ತಿರ ನಿಂತಿದ್ದರು. "ಎಂತದೂ ಇಲ್ಲ ಡಾಕ್ಟ್ರೇ," ಎಂದೆ ನಾನು. ಅಕ್ಕನೂ ಅಲ್ಲ, ಬಾವನೂ ಅಲ್ಲ, ನಾನು. ಕೇಳಿದ ಕೂಡಲೇ ಉತ್ತರ ಕೊಡುವ ಚಾಳಿ ನನ್ನದು.

ಆ ದಿನಗಳಲ್ಲೇ ಅಕ್ಕನ ಬೆರಳ ತುದಿ ನೋಯಲಿಕ್ಕೆ ಶುರುವಾದದ್ದು. ಬಲಗೈಯ ಎರಡು ಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ಕೆಂಪು ಗಂಟು, ಮುಟ್ಟಿದರೆ ಜೀವ ಹೋಗುವಷ್ಟು ನೋವು. ಉಗುರಿನಡಿಯಲ್ಲಿ ಸಣ್ಣ ಸಿಬಿರು ಹೊಕ್ಕ ಹಾಗೆ ಕಪ್ಪುಗೆಂಪು ಗೆರೆಗಳು. ಮೂವತ್ತು ವರ್ಷದಿಂದ ಬೀಡಿ ಕಟ್ಟಿದವಳ ಬೆರಳು ಅದು. ಎಲೆ ಕತ್ತರಿಸುವ ಕತ್ತರಿ, ತುದಿ ಮಡಚುವ ಕಬ್ಬಿಣದ ಕಡ್ಡಿ, ಬಿಗಿಯಾದ ನೂಲು, ಎಲ್ಲದರ ಗುರುತೂ ಅಲ್ಲಿ ಮೊದಲೇ ಇತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಕಟ್ಟಿದ ಬೀಡಿ ಕೊಡಲು ಹೋಗುವ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಹೆಂಗಸರು ಕೈ ನೋಡಿ ತೀರ್ಪು ಕೊಟ್ಟರು: "ಈ ಸಲದ ಎಲೆ ಸರಿ ಇಲ್ಲ. ಅದರಲ್ಲಿ ಎಂತದೋ ವಿಷ ಉಂಟು. ನನಗೂ ಕೈ ಉರಿ." ಅಕ್ಕ ಎಣ್ಣೆಗೆ ಅರಸಿನ ಹಾಕಿ ಹಚ್ಚಿಕೊಂಡಳು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಕಟ್ಟಲು ಕೂತಳು. ನಾನೂ ಆ ಬೆರಳು ನೋಡಿದ್ದೆ. "ಸ್ವಲ್ಪ ದಿನ ಆ ದರಿದ್ರ ಬೀಡಿ ಬಿಡು," ಎಂದು ಬೈದು ಬಂದಿದ್ದೆ. ಅಷ್ಟೇ ನನ್ನ ಬುದ್ಧಿ ಓಡಿದ್ದು.

ಎರಡು ತಿಂಗಳಾಗುವಾಗ ಅವಳ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಊಟ ಸೇರುತ್ತಿರಲಿಲ್ಲ. ನಾಲ್ಕು ಮಾತಾಡಿದರೆ ಏದುಸಿರು. ನನಗೆ ತಲೆ ಕೆಟ್ಟುಹೋಯಿತು. ಬಂಟ್ವಾಳದಲ್ಲಿ ಹೊಸದಾಗಿ ಬಂದ ಒಬ್ಬ ಲೇಡಿ ಡಾಕ್ಟರು ನಿಧಾನವಾಗಿ ನೋಡುತ್ತಾರೆ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ಬಾವನಿಗೆ ಬೆಳಗ್ಗೆ ರಬ್ಬರಿನ ಕೆಲಸ ಬಿಡುವ ಹಾಗಿಲ್ಲ, ನಾವಿಬ್ಬರೇ ಹೋದೆವು. ಬಸ್ಸಿನಲ್ಲಿ ಅಕ್ಕ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ಅವಳ ತಲೆಗೆ ಭಾರವೇ ಇರಲಿಲ್ಲ. ಇವತ್ತು ಬಾವ ಜೊತೆಗಿಲ್ಲ, ಇವತ್ತಾದರೂ ಬಾಯಿ ಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಡಾಕ್ಟರು ನನಗಿಂತ ಎಷ್ಟೋ ಚಿಕ್ಕವರು. ಹಳೆ ಚೀಟಿಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಬೆರಳಿಗೆ ಸುತ್ತಿದ ಬಟ್ಟೆಯ ಮೇಲೆ ಅವರ ಕಣ್ಣು ಬಿತ್ತು.

"ಇದೆಂತ? ಬಿಚ್ಚಿ ನೋಡುವ."

"ಅದು ಬೀಡಿ ಕಟ್ಟಿ ಆದದ್ದು ಮೇಡಂ. ಈ ಸಲದ ಎಲೆ ಸರಿ ಇಲ್ಲ," ಎಂದಳು ಅಕ್ಕ.

ಡಾಕ್ಟರು ಬೆರಳನ್ನು ಬೆಳಕಿಗೆ ಹಿಡಿದು, ಉಗುರುಗಳನ್ನು ಒಂದೊಂದಾಗಿ ನೋಡಿದರು. "ಚಪ್ಪಲಿ ತೆಗೆದು ಕಾಲು ಮೇಲೆ ಇಡಿ," ಎಂದರು. ಅಕ್ಕ ನಾಚಿಕೊಂಡೇ ಇಟ್ಟಳು. ಹೆಬ್ಬೆರಳಿನ ಅಡಿಯಲ್ಲಿ ಅದೇ ಕೆಂಪು ಗಂಟು. ಅಂಗಾಲಿನಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ.

"ಬೀಡಿ ಕಾಲಲ್ಲಿಯೂ ಕಟ್ತೀರಾ?"

ಅವರು ಸ್ಟೆತಸ್ಕೋಪನ್ನು ಎದೆಯ ಮೇಲಿಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು, ಎಡಕ್ಕೆ ಹೊರಳಿಸಿ ಮತ್ತೆ ಕೇಳಿದರು.

"ಇದು ಹೊಸತಲ್ಲ. ಯಾವಾಗಿಂದ ಉಂಟು?"

ಅಕ್ಕನ ಕೈ ಮೇಜಿನಡಿಯಿಂದ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಹಿಡಿಯಲಿ ಎಂದುಕೊಂಡೆ. "ಹನ್ನೊಂದು ವರ್ಷ ಇರುವಾಗಿನಿಂದ," ಎಂದೆ. ಕೀಲುವಾತದ ಜ್ವರ, ಇಂಜೆಕ್ಷನ್, ಮದುವೆ, ಹಲ್ಲು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸುರಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಅವರ ಮುಖ ಕೆಂಪಾಗಿತ್ತು.

"ಎರಡು ತಿಂಗಳು ಎಲ್ಲರೂ ಜ್ವರ ಹುಡುಕಿದ್ದಾರೆ. ಈ ಒಂದು ಮಾತು ಹೇಳಿದ್ದಿದ್ರೆ ಮೊದಲ ದಿನವೇ ಗೊತ್ತಾಗ್ತಿತ್ತು. ಕವಾಟದಲ್ಲಿ ಕ್ರಿಮಿ ಗೂಡು ಕಟ್ಟಿದ ಹಾಗೆ ಕಾಣ್ತದೆ. ಅದರ ಚೂರುಗಳು ರಕ್ತದಲ್ಲಿ ಹೋಗಿ ಬೆರಳಲ್ಲಿ ಕೂತದ್ದು ಇದು. ಬೆರಳಿಗೆ ಬಂದದ್ದು ತಲೆಗೂ ಹೋಗಬಹುದು. ಇವತ್ತೇ ಮಂಗಳೂರಿಗೆ ಹೋಗಿ ಅಡ್ಮಿಟ್ ಆಗಿ. ಇಲ್ಲಿಂದ ಸೀದಾ. ಮನೆಗೆ ಹೋಗ್ಲಿಕ್ಕಿಲ್ಲ, ಗೊತ್ತಾಯ್ತಾ?"

ಗೊತ್ತಾಯಿತು. ಎರಡು ಸಲ ತಲೆ ಆಡಿಸಿದೆ. ಅವರು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಕೊಟ್ಟರು. ಅದರಲ್ಲಿ ಬಾಲ್ಯದಿಂದ ಎಂಬ ಮಾತು ಇತ್ತು, ನಾನು ಓದಿದೆ.

ಇನ್ನು ಮುಂದಿನದನ್ನು ಬರೆಯುವಾಗ ನನ್ನ ಕೈಗೆ ನಾನೇ ಹೊಡೆದುಕೊಳ್ಳುವ ಅನ್ನಿಸುತ್ತದೆ. ಹೊರಗೆ ಬಂದು ರಸ್ತೆ ಬದಿಯಲ್ಲಿ ನಿಂತೆವು. ಮಂಗಳೂರಿಗೆ ಹೋಗುವ ಬಸ್ಸುಗಳು ಕಣ್ಣೆದುರೇ ಒಂದರ ಹಿಂದೆ ಒಂದು ಬರುತ್ತಿದ್ದವು, ಕಂಡಕ್ಟರುಗಳು ಕೂಗಿ ಕರೆಯುತ್ತಿದ್ದರು.

"ಇವರಿಗೆ ಎಂತ ಹೇಳುದು?" ಎಂದಳು ಅಕ್ಕ.

"ಯಾರಿಗೆ?"

"ಇವರಿಗೆ. ಮಂಗಳೂರಿಗೆ ಇವರು ಬಾರದೆ ಇರ್ತಾರಾ? ಅಲ್ಲಿ ಡಾಕ್ಟ್ರು ಇವರೆದುರೇ ಆ ಕಾಗದ ಓದಿದ್ರೆ? ಇಪ್ಪತ್ತೆರಡು ವರ್ಷ ಮೋಸ ಮಾಡಿದೆ ಅಂತ ಆಗುದಿಲ್ವಾ?"

"ಎಂತ ಸಾವು ಮಾರಾಯ್ತಿ! ಜೀವದ ಪ್ರಶ್ನೆ ಇದು. ಮೋಸ ಅಂದ್ರೆ ಅನ್ಲಿ."

"ನಿನಗೆ ಹೇಳ್ಲಿಕ್ಕೆ ಸುಲಭ. ಅವರ ಮುಖ ನೋಡ್ಬೇಕಾದ್ದು ನಾನು. ಮಗಳ ವಿಷಯ ಬೇರೆ ಉಂಟು." ಅವಳು ಅಳಲಿಕ್ಕೆ ಶುರುಮಾಡಿದಳು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. "ಇವತ್ತು ಒಂದು ದಿನ ಮನೆಗೆ ಹೋಗುವ. ಬಟ್ಟೆ ತಕ್ಕೊಳ್ಳುವ. ಸ್ಕ್ಯಾನಿಂಗ್ ಅಂತ ಹೇಳಿ ನಾಳೆ ಬೆಳಿಗ್ಗೆ ನಾವಿಬ್ಬರೇ ಹೋಗುವ. ಇದು ಹೊಸತಾಗಿ ಬಂದದ್ದು ಅಂತ ಆಮೇಲೆ ಮೆಲ್ಲ ಹೇಳಿದ್ರಾಯ್ತು. ಒಂದು ದಿನ ಅಲ್ವಾ?"

ನಾನು ಒಪ್ಪಿದೆ. ಕಚೇರಿಯಲ್ಲಿ ಹುಲಿಯ ಹಾಗೆ ಕೂರುವವಳು ಅಲ್ಲಿ ರಸ್ತೆ ಬದಿಯಲ್ಲಿ ಅಕ್ಕನ ಕಣ್ಣೀರಿಗೆ ಕರಗಿ, ಡಾಕ್ಟರರ ಮಾತನ್ನು ಬ್ಯಾಗಿನಲ್ಲಿ ಮಡಚಿಟ್ಟುಕೊಂಡು, ಎದುರುಗಡೆಯ ಬಸ್ಸು ಹತ್ತಿದೆ. ದಾರಿಯಿಡೀ ಇಬ್ಬರೂ ಸೇರಿ ಬಾವನಿಗೆ ಹೇಳಬೇಕಾದ ಸುಳ್ಳನ್ನು ತಿದ್ದಿದೆವು, ತೀಡಿದೆವು. ಮನೆಗೆ ಹೋಗಿ ಬಾಯಿಪಾಠ ಒಪ್ಪಿಸಿದೆವು. ಬಾವ "ಸರಿ, ಹೋಗಿ ಬನ್ನಿ" ಎಂದರು.

ಮರುದಿನ ಬೆಳಿಗ್ಗೆ ಅಕ್ಕ ಹೊರಡಲು ಸೀರೆ ಉಡುತ್ತಿದ್ದಳು. ನಾನು ಚೀಲಕ್ಕೆ ಅವಳ ಟವಲು ತುಂಬುತ್ತಿದ್ದೆ. ನೆರಿಗೆ ಹಿಡಿದ ಬಲಗೈಯಿಂದ ಸೀರೆ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. "ಕೈಗೆ ಎಂತದೋ..." ಎಂದಳು, ಮುಂದಿನ ಮಾತು ಬಾಯಿಯಲ್ಲೇ ಕಲಸಿಹೋಯಿತು. ನೋಡಿದರೆ ತುಟಿ ಒಂದು ಬದಿಗೆ ಎಳೆದಿತ್ತು. ಬಲಗಾಲು ಮಡಚಿ ಅಲ್ಲೇ ಕುಸಿದಳು. ನಾನು ಕಿರುಚಿದ್ದು ರಬ್ಬರ್ ತೋಟದವರೆಗೆ ಕೇಳಿತಂತೆ. ಬಾವ ಟ್ಯಾಪಿಂಗಿನ ಕತ್ತಿ ಹಿಡಿದುಕೊಂಡೇ ಓಡಿ ಬಂದರು. ಪಕ್ಕದ ಮನೆಯವರ ಜೀಪಿನಲ್ಲಿ ಮಂಗಳೂರಿಗೆ ಹೊರಟೆವು. ಅಕ್ಕನ ತಲೆ ಬಾವನ ತೊಡೆಯ ಮೇಲಿತ್ತು, ಅವಳ ಕಣ್ಣು ಮಾತ್ರ ನನ್ನ ಬ್ಯಾಗಿನ ಮೇಲೆ, ಆ ಕಾಗದದ ಮೇಲೆ. ಆ ಸ್ಥಿತಿಯಲ್ಲಿಯೂ ಅವಳಿಗೆ ಅದೇ ಚಿಂತೆ.

ಮಂಗಳೂರಿನಲ್ಲಿ ಎಕೋ ಮಾಡಿ ನೋಡಿದರು. ಕವಾಟದಲ್ಲಿ ಕ್ರಿಮಿಯ ಗಡ್ಡೆ ಬೆಳೆದು ಅದರ ಚೂರು ಮೆದುಳಿಗೆ ಹೋಗಿತ್ತು. ಕವಾಟ ಹರಿದು ರಕ್ತ ಹಿಂದಕ್ಕೆ ನುಗ್ಗುತ್ತಿತ್ತು, ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಯಾವ ಕ್ರಿಮಿ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡಲು ರಕ್ತ ತೆಗೆದರು. ಮೂರು ಸಲ ತೆಗೆದರೂ ಅದರಲ್ಲಿ ಏನೂ ಬೆಳೆಯಲಿಲ್ಲ. ಬೆಳ್ತಂಗಡಿಯಲ್ಲಿ ಮೂರು ಸಲ ನುಂಗಿದ ಐದೈದು ದಿನದ ಮಾತ್ರೆ ಕ್ರಿಮಿಯನ್ನು ಕೊಲ್ಲದೆ, ಬರೀ ಅಡಗಿಸಿಟ್ಟಿರಬೇಕು ಎಂದರು. ಅಡಗಿಸಿಡುವುದರಲ್ಲಿ ನಮ್ಮನ್ನು ಮೀರಿಸಿದ ಮಾತ್ರೆ! ಇನ್ನು ವಾರಗಟ್ಟಲೆ ನರಕ್ಕೆ ಇಂಜೆಕ್ಷನ್, ಆಮೇಲೆ ಎದೆ ತೆರೆದು ಕವಾಟ ಬದಲಿಸುವುದು. ಅಷ್ಟರವರೆಗೆ ಉಳಿದರೆ. ಹಿಂದಿನ ದಿನವೇ ಬಂದಿದ್ದರೆ ಮೆದುಳಿಗೆ ಹೋಗುವುದು ತಪ್ಪುತ್ತಿತ್ತಾ ಎಂದು ನಾನು ಕೇಳಿದೆ. "ಹೇಳ್ಲಿಕ್ಕೆ ಆಗುದಿಲ್ಲ," ಎಂದರು ಡಾಕ್ಟರು. ತಪ್ಪುತ್ತಿತ್ತು ಎಂದಿದ್ದರೆ ಅಳುತ್ತಿದ್ದೆ, ಇಲ್ಲ ಎಂದಿದ್ದರೆ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಎರಡೂ ಇಲ್ಲ.

ಕೇಸು ಬರೆಯುತ್ತಿದ್ದ ಡಾಕ್ಟರು ಬಂಟ್ವಾಳದ ಕಾಗದ ಓದಿ ತಲೆ ಎತ್ತಿದರು. ಬಾವ ನನ್ನ ಪಕ್ಕದಲ್ಲೇ ನಿಂತಿದ್ದರು, ಅಂಗಿಯ ಮೇಲೆ ರಬ್ಬರ್ ಹಾಲಿನ ಕಲೆ.

"ಕವಾಟದ ತೊಂದರೆ ಮೊದಲಿಂದ ಇತ್ತು ಅಂತ ಬರೆದಿದ್ದಾರೆ. ನಿಮಗೆ ಗೊತ್ತಿತ್ತಾ?"

ಬಂತು ಎಂದುಕೊಂಡೆ. ಇಪ್ಪತ್ತೆರಡು ವರ್ಷ ತಪ್ಪಿಸಿದ ಗಳಿಗೆ ಬಂತು. "ಬಾವನಿಗೆ ಗೊತ್ತಿಲ್ಲ ಡಾಕ್ಟ್ರೇ," ಎಂದು ನಾನೇ ಮುಂದೆ ಬಿದ್ದೆ. "ತಪ್ಪು ನಮ್ಮದು. ನಮ್ಮ ಮನೆಯವರು ಹೇಳ್ಲಿಲ್ಲ."

"ಗೊತ್ತಿತ್ತು," ಎಂದರು ಬಾವ.

ಡಾಕ್ಟರು ಬರೆದುಕೊಂಡು ಹೋದರು. ಬಾವ ನೆಲ ನೋಡಿಕೊಂಡು ಹೇಳಿದರು. "ಮದುವೆಯಾದ ವಾರದಲ್ಲೇ ಗೊತ್ತಾಯ್ತು. ಎದೆಗೆ ಕಿವಿ ಇಟ್ಟವನಿಗೆ ಕೇಳುದಿಲ್ವಾ? ಉಸ್ ಉಸ್ ಅಂತ. ನಾನು ಇಲ್ಲಿಯೇ ಒಬ್ಬರು ಡಾಕ್ಟ್ರ ಹತ್ತಿರ ಕೇಳಿದೆ ಕೂಡ. ಕವಾಟದ ತೊಂದರೆ ಇರ್ಬಹುದು ಅಂತ ಹೇಳಿದ್ರು."

"ಹಾಗಾದ್ರೆ ಬಾಯಿ ಬಿಡ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದು ಕೂಗಿದೆ. ನರ್ಸು ಬಂದು ಮೆಲ್ಲ ಮಾತಾಡಿ ಎಂದರು. ನನಗೆ ಮೆಲ್ಲ ಮಾತಾಡಲಿಕ್ಕೆ ಬರಲಿಲ್ಲ. ಯಾರ ಕಣ್ಣಿಗೆ ಮಣ್ಣೆರಚಲೆಂದು ನಿನ್ನೆ ಒಂದು ಇಡೀ ದಿನ ಹಾಳು ಮಾಡಿದೆವೋ ಆ ಮನುಷ್ಯನಿಗೆ ಎಲ್ಲವೂ ಗೊತ್ತಿತ್ತು!

"ನಿಮ್ಮ ಅಮ್ಮ, ನೀನು, ಅವಳು, ಮೂರು ಜನ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದು. ನನಗೆ ಗೊತ್ತುಂಟು ಅಂದ್ರೆ ಅವಳು ನನ್ನ ಎದುರು ತಲೆ ಎತ್ತುತ್ತಿದ್ಳಾ? ಹಾಗೆ ಸುಮ್ಮನಾದೆ."

"ಬೆಳ್ತಂಗಡಿಯಲ್ಲಿ ಡಾಕ್ಟ್ರು ಕೇಳುವಾಗ? ಹಲ್ಲು ತೆಗೆಯುವಾಗ?"

ಬಾವ ಮೊದಲ ಸಲ ನನ್ನ ಮುಖ ನೋಡಿದರು. "ನೀನು ಬರೆದದ್ದು ನಾನು ನೋಡಿದೆ. ನೀನು ಓದಿದವಳು, ಕಚೇರಿಯಲ್ಲಿ ಇರುವವಳು. ನೀನೇ ಇಲ್ಲ ಅಂತ ಬರೆದಾಗ, ಓ ಅದು ಈಗ ಗುಣ ಆಗಿದೆ, ಇವರು ಎಲ್ಲಿಯೋ ತೋರಿಸಿ ಗುಣ ಮಾಡಿಸಿಕೊಂಡಿದ್ದಾರೆ ಅಂತ ಮಾಡಿದೆ. ನನಗೆ ಸಂತೋಷವೇ ಆಯ್ತು."

ಹೊಡೆದಿದ್ದರೆ, ಬೈದಿದ್ದರೆ, ನಿಮ್ಮ ಮನೆಯವರು ಮೋಸಗಾರರು ಎಂದಿದ್ದರೆ ತಿರುಗಿ ಜಗಳಾಡುತ್ತಿದ್ದೆ. ನಾಲ್ಕು ಜನ, ನಾಲ್ವರಿಗೂ ಗೊತ್ತಿದ್ದ ಒಂದು ವಿಷಯ, ಮೂವರು ಬಾವನಿಂದ, ಬಾವ ಮೂವರಿಂದ ಮುಚ್ಚಿಟ್ಟು, ಗೊತ್ತಾಗಲೇಬೇಕಾದ ಡಾಕ್ಟರರಿಗೆ ಮಾತ್ರ ಹೇಳದೆ ಉಳಿದದ್ದು. ಇಷ್ಟರ ಮೇಲೆ ಬಾವ ಕೊನೆಗೆ ಒಂದು ಮಾತು ಸೇರಿಸಿದರು. "ನನಗೆ ಗೊತ್ತಿತ್ತು ಅಂತ ಅವಳಿಗೆ ಹೇಳ್ಬೇಡ ಆಯ್ತಾ."

ಅಕ್ಕ ಉಳಿದಳು. ಐದು ವಾರ ಇಂಜೆಕ್ಷನ್, ಆಮೇಲೆ ಆಪರೇಷನ್. ಹಾಕಿದ ಹೊಸ ಕವಾಟ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತದೆ, ಸುತ್ತ ಸದ್ದಿಲ್ಲದಿದ್ದರೆ ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ 'ನೀರು ಮಾಡುವ' ಮಾತ್ರೆ ಸಾಯುವವರೆಗೂ ನುಂಗಬೇಕು. ಕಾಲು ಸುಮಾರಾಗಿ ಸರಿಯಾಯಿತು. ಮಾತು ಬಂತು, ಆದರೆ ನಿಧಾನ, ಶಬ್ದ ಹುಡುಕಿ ಹುಡುಕಿ. ಬಲಗೈಯ ಬೆರಳು ಮಾತ್ರ ಮರಳಿ ಬರಲಿಲ್ಲ. ಬೀಡಿಯ ಎಲೆ ಇರಲಿ, ಅನ್ನ ಕಲಸಲಿಕ್ಕೂ ಆಗುವುದಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವಾಗ ಅರ್ಧ ಚೆಲ್ಲುತ್ತಾಳೆ, ಚೆಲ್ಲಿದ್ದಕ್ಕೆ ಸಿಟ್ಟು ಬಂದು ಬಟ್ಟಲನ್ನೇ ದೂಡುತ್ತಾಳೆ. ಅವಳಿಗೆ ಹೀಗೆ ಸಿಟ್ಟು ಬರುವುದನ್ನು ನಾನು ಮೊದಲು ಕಂಡೇ ಇರಲಿಲ್ಲ, ಮನೆಯಲ್ಲಿ ಸಿಟ್ಟು ನನ್ನ ಪಾಲಿಗೆ ಬಂದದ್ದು.

ಮೂರು ತಿಂಗಳು ಬಾವನ ಆ "ಹೇಳ್ಬೇಡ"ವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆ. ಒಂದು ಭಾನುವಾರ ಮಧ್ಯಾಹ್ನ ನಾರಾವಿಯ ಅವರ ಮನೆಯ ಜಗಲಿಯಲ್ಲಿ ಮೂವರೂ ಕೂತಿದ್ದೆವು. ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅಕ್ಕ ಬಾವನ ಕಡೆ ನೋಡದೆ, ಪದ ಹುಡುಕುತ್ತ, "ಇವರಿಗೆ... ನಾನು... ಮೋಸ ಮಾಡಿದೆ" ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಇದನ್ನು ಎಷ್ಟನೆಯ ಸಲ ಹೇಳುತ್ತಿದ್ದಾಳೋ. ಬಾವ ಎಂದಿನಂತೆ "ಬಿಡು ಬಿಡು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟೆಲ್ಲ ಆದ ಮೇಲೂ ಇನ್ನೊಂದನ್ನು ಮುಚ್ಚಿಡುವುದಾ?

"ಅಕ್ಕಾ, ಬಾವನಿಗೆ ಮೊದಲಿಂದಲೂ ಗೊತ್ತಿತ್ತು. ಮದುವೆಯಾದ ವಾರದಿಂದ. ನೀನು ಯಾರಿಗೂ ಮೋಸ ಮಾಡ್ಲಿಲ್ಲ," ಎಂದುಬಿಟ್ಟೆ.

ಬಾವ ತಲೆ ತಗ್ಗಿಸಿದರು. ಅಕ್ಕ ಅವರನ್ನೇ ನೋಡಿದಳು. ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ ನಾನು, ಮೂರ್ಖಳು.

"ಗುಡ್ಡೆ..." ಎಂದಳು. ಬಸ್ಸಿಳಿದು ಅವರ ಮನೆಗೆ ಬರಲು ಒಂದು ಉದ್ದದ ಗುಡ್ಡೆ ಹತ್ತಬೇಕು, ಆ ಮಾತು. ನಿಂತು ನಿಂತು, ಉಗುಳು ನುಂಗಿ, ಎಲ್ಲವನ್ನೂ ಹೇಳಿದಳು. ಆ ಗುಡ್ಡೆಯಲ್ಲಿ ಅವಳು ಒಂದು ದಿನವೂ ಕೂತವಳಲ್ಲ. ಸಾಮಾನಿನ ಚೀಲ ಹೊತ್ತುಕೊಂಡು, ಮಗುವನ್ನು ಎತ್ತಿಕೊಂಡು, ಬಾವನ ಹಿಂದೆಯೇ ಹತ್ತಿದಳು. ಉಸಿರಿನ ಸದ್ದು ಅವರಿಗೆ ಕೇಳಬಾರದೆಂದು ಬಾಯಿ ಬಿಗಿಹಿಡಿದು ಮೂಗಿನಲ್ಲೇ ಎಳೆಯುತ್ತಿದ್ದಳು. ಮೇಲೆ ತಲುಪಿದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಏದುಸಿರು ಬಿಡುತ್ತಿದ್ದಳು. ಇಪ್ಪತ್ತೆರಡು ವರ್ಷ.

"ಗೊತ್ತುಂಟು," ಎಂದರು ಬಾವ, ನೆಲಕ್ಕೆ ಹೇಳಿದ ಹಾಗೆ. "ಅದಕ್ಕೇ ನಾನು ಅರ್ಧದಲ್ಲಿ ಲುಂಗಿ ಸಡಿಲ ಆಯ್ತು ಅಂತ ನಿಲ್ತಿದ್ದದ್ದು. ನಿನಗೆ ಸ್ವಲ್ಪ ಉಸಿರು ಬರ್ಲಿ ಅಂತ."

ಅಕ್ಕ ಎಡಗೈಯಲ್ಲಿ ಅವರ ಭುಜಕ್ಕೆ ಹೊಡೆದಳು, ಮತ್ತೆ ಹೊಡೆದಳು, ಅದರಲ್ಲಿ ಬಲವೇ ಇರಲಿಲ್ಲ. ಬಾವ ತಪ್ಪಿಸಿಕೊಳ್ಳಲಿಲ್ಲ.

"ನೀವು ನಿಂತ್ರಿ," ಎಂದಳು. "ನಾನೂ... ನಿಂತೆ. ಹೇಳಿದ್ರೆ... ನಾನು ಕೂತ್ಕೊಳ್ತಿದ್ದೆ."